‘ಇನ್ನೂ ಗಟ್ಟಿ ಟೇಪ್ ಕೊಡಿ’ ಎನ್ನುವ ಮುಂಚೆ

ಪ್ರಶ್ನೆ: ನಮ್ಮದು ಕಂಟ್ರೋಲ್ ಪ್ಯಾನೆಲ್ ಪೆಟ್ಟಿಗೆ ಮಾಡುವ ಸಣ್ಣ ಘಟಕ. ಬಾಗಿಲು ಉಕ್ಕಿನದು, ಮೇಲೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹಾಕಿ ಓವನ್‌ನಲ್ಲಿ ಬೇಯಿಸಿದ್ದು). ಬಾಗಿಲಿನ ಕಿಟಕಿಗೆ 600 × 400 ಮಿ.ಮೀ. ಅಳತೆಯ, 4 ಮಿ.ಮೀ. ದಪ್ಪದ ಪಾಲಿಕಾರ್ಬೊನೇಟ್ (ಪಾರದರ್ಶಕ ಪ್ಲಾಸ್ಟಿಕ್) ಶೀಟ್ ಕೂರಿಸುತ್ತೇವೆ. ಮೊದಲು ಸ್ಕ್ರೂ ಹಾಕುತ್ತಿದ್ದೆವು, ತೂತಿನ ಸುತ್ತ ಶೀಟ್ ಬಿರುಕು ಬಿಡುತ್ತಿತ್ತು. ಈಗ ಡಬಲ್ ಸೈಡ್ ಟೇಪ್ ಬಳಸುತ್ತಿದ್ದೇವೆ. ಎರಡು ಮೂರು ತಿಂಗಳಿಗೆ ಮೂಲೆ ಎದ್ದುಬಿಡುತ್ತದೆ. ಟೇಪ್ ಕೊಡುವವರು ಪ್ರತಿ ಸಲ ‘ಇನ್ನೂ ಗಟ್ಟಿಯಾದದ್ದು ಕೊಡುತ್ತೇನೆ’ ಅನ್ನುತ್ತಾರೆ. ಮೂರು ಟೇಪ್ ಬದಲಾಯಿಸಿದ್ದಾಯಿತು. ಒಳಗೆ ವೈರ್ ಹಿಡಿಯುವ ಪಾಲಿಪ್ರೊಪಿಲೀನ್ ಕ್ಲಿಪ್‌ಗಳಂತೂ ಒಂದು ವಾರವೂ ನಿಲ್ಲುವುದಿಲ್ಲ. ಇದೆಲ್ಲ ಹೀಗಿರುವಾಗ, ಕೋಟಿಂಗ್ ಓವನ್‌ಗೆ ಹೋಗುವ ಮುಂಚೆ, ಬಣ್ಣ ತಾಗಬಾರದ ಜಾಗಕ್ಕೆ ಹಚ್ಚುವ ಮಾಸ್ಕಿಂಗ್ ಟೇಪ್ ಮಾತ್ರ ಕಿತ್ತರೂ ಬರುವುದಿಲ್ಲ! ಟೇಪ್ ತಯಾರಕರ ಡೇಟಾ ಶೀಟ್ (ಟೇಪಿನ ಗುಣಗಳ ಪಟ್ಟಿ) ನೋಡಿದರೆ ತಲೆ ತಿರುಗುತ್ತದೆ. ಸರಿಯಾದ ಟೇಪ್ ಆರಿಸುವುದು ಹೇಗೆ?

ಉತ್ತರ: ಒಂದು ಟೇಪ್ ಹಿಡಿಯುತ್ತಿಲ್ಲ, ಇನ್ನೊಂದು ಬಿಡುತ್ತಿಲ್ಲ. ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ‘ಗಟ್ಟಿ ಟೇಪ್’ ಅನ್ನುವ ವಸ್ತುವೇ ಇಲ್ಲ. ಯಾವುದರ ಮೇಲೆ, ಯಾವ ದಿಕ್ಕಿನ ಎಳೆತಕ್ಕೆ, ಎಷ್ಟು ಬಿಸಿಯಲ್ಲಿ, ಎಷ್ಟು ಕಾಲ ಅನ್ನುವುದನ್ನು ಬಿಟ್ಟು ಸುಮ್ನೆ ಗಟ್ಟಿ ಅಂದರೆ ಅದಕ್ಕೆ ಅರ್ಥವಿಲ್ಲ.

ಆರಿಸುವ ಮಾತು ಆಮೇಲೆ. ಮುಂದಿನ ಸಲ ಮೂಲೆ ಎದ್ದಾಗ ಆ ಟೇಪನ್ನು ಕಿತ್ತು ಎಸೆಯಬೇಡಿ. ಅಂಟು ಯಾವ ಕಡೆ ಉಳಿದಿದೆ ನೋಡಿ. ಬಣ್ಣದ ಬಾಗಿಲು ಸ್ವಚ್ಛವಾಗಿದ್ದು ಅಂಟೆಲ್ಲ ಪಾಲಿಕಾರ್ಬೊನೇಟ್ ಕಡೆ ಇದ್ದರೆ, ಟೇಪ್ ಬಣ್ಣವನ್ನು ಹಿಡಿದೇ ಇರಲಿಲ್ಲ ಎಂದರ್ಥ. ಆಗ ಎಷ್ಟೇ ‘ಗಟ್ಟಿ’ ಟೇಪ್ ತಂದರೂ ಅದೇ ಕತೆ. ಫೋಮ್ (ಎರಡು ಬದಿಯ ಅಂಟಿನ ನಡುವಿನ ಮೆತ್ತನೆಯ ಪದರ) ನಡುವೆ ಹರಿದು ಎರಡೂ ಕಡೆ ಅರ್ಧರ್ಧ ಉಳಿದಿದ್ದರೆ, ಅಂಟು ತನ್ನ ಕೆಲಸ ಮಾಡಿದೆ, ಫೋಮ್ ಸಾಲದಾಗಿದೆ. ಅಂಟಿನ ಜೊತೆ ಬಣ್ಣದ ಪದರವೇ ಎದ್ದು ಬಂದಿದ್ದರೆ ಕೋಟಿಂಗ್ ಮಾಡುವವರನ್ನು ಕೇಳಬೇಕು. ಎರಡೂ ಕಡೆ ಜಿಗುಟಾಗಿ, ನೂಲು ನೂಲಾಗಿ ಎಳೆದುಕೊಂಡಿದ್ದರೆ ಬಿಸಿಯೋ ಯಾವುದೋ ದ್ರಾವಕವೋ ಅಂಟನ್ನು ಮೆತ್ತಗೆ ಮಾಡಿದೆ.

ನಿಮಗೆ ಇನ್ನೊಂದು ಅನುಕೂಲವಿದೆ. ನಿಮ್ಮ ಶೀಟ್ ಪಾರದರ್ಶಕ. ಅಂಟಿಸಿದ ಮೇಲೆ ಅದರ ಮೂಲಕವೇ ಟೇಪನ್ನು ನೋಡಬಹುದು. ಅಂಟು ಚೆನ್ನಾಗಿ ಕೂತ ಜಾಗ ಒಂದೇ ಸಮನೆ ಗಾಢವಾಗಿ ಕಾಣುತ್ತದೆ. ಗಾಳಿ ಸಿಕ್ಕಿಕೊಂಡ ಜಾಗ ಬಿಳಿಚಿಕೊಂಡು, ಮಚ್ಚೆ ಮಚ್ಚೆಯಾಗಿ ಇರುತ್ತದೆ. ಬಾಗಿಲಿನ ಕಡೆ ಕೂತಿದೆಯೋ ಇಲ್ಲವೋ ಇದರಿಂದ ತಿಳಿಯದು, ನಿಜ. ಶೀಟಿನ ಕಡೆಯೇ ಮಚ್ಚೆಗಳು ಕಂಡರೆ ಮಾತ್ರ ಒತ್ತಿದ್ದು ಸಾಲದು ಎಂದು ಆಗಲೇ ಗೊತ್ತಾಗುತ್ತದೆ. ಮೂರು ತಿಂಗಳು ಕಾಯಬೇಕಿಲ್ಲ.

ಈಗ ಸ್ವಲ್ಪ ಲೆಕ್ಕ ಮಾಡೋಣ. ನಿಮ್ಮ ಶೀಟ್ ಎಷ್ಟು ಭಾರ? ಪಾಲಿಕಾರ್ಬೊನೇಟ್ ಸಾಂದ್ರತೆ ನೀರಿನ 1.2 ಪಟ್ಟು. ನಿಮ್ಮ ಅಳತೆಗೆ ಸುಮಾರು 1.15 ಕೆ.ಜಿ. ಬರುತ್ತದೆ. ಅಕ್ರಿಲಿಕ್ ಫೋಮ್ ಟೇಪ್ (ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್ಕಿನ ಮೆತ್ತನೆಯ ಪದರ ಇರುವ ದಪ್ಪ ಟೇಪ್) ಸದಾ ಹೊರುವ ಭಾರಕ್ಕೆ ಒಂದು ಹಳೆಯ ಲೆಕ್ಕವಿದೆ: ಪ್ರತಿ ಕೆ.ಜಿ.ಗೆ 55 ಚದರ ಸೆಂ.ಮೀ. ಟೇಪ್. ಅಂದರೆ ನಿಮಗೆ 64 ಚದರ ಸೆಂ.ಮೀ. ಸಾಕು. ನಾಲ್ಕೂ ಅಂಚಿಗೆ 12 ಮಿ.ಮೀ. ಅಗಲದ ಟೇಪ್ ಹಾಕಿದರೆ 240 ಚದರ ಸೆಂ.ಮೀ. ಆಗುತ್ತದೆ. ಬೇಕಾದ್ದಕ್ಕಿಂತ ಮೂರೂವರೆ ಪಟ್ಟು ಜಾಸ್ತಿ! ಹಾಗಾಗಿ ಶೀಟ್ ಭಾರಕ್ಕೆ ಬೀಳುತ್ತಿಲ್ಲ. ಅಂಗಡಿಯವರು ಮೂರು ಸಲವೂ ಇಲ್ಲದ ರೋಗಕ್ಕೆ ಮದ್ದು ಕೊಟ್ಟಿದ್ದಾರೆ.

ಹಾಗಾದರೆ ಮೂಲೆಯೇ ಯಾಕೆ ಏಳುತ್ತದೆ? ನನ್ನ ಅನುಮಾನ ಎರಡು ಸಂಗತಿಗಳ ಮೇಲೆ.

ಒಂದು, ಬಿಸಿಗೆ ಹಿಗ್ಗುವುದು. ಉಷ್ಣತೆ 1 ಡಿಗ್ರಿ ಏರಿದರೆ ಉಕ್ಕು ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. ಪಾಲಿಕಾರ್ಬೊನೇಟ್ ಸುಮಾರು 68 ಪಾಲು. ಎರಡೂ ಒಟ್ಟಿಗೆ 40 ಡಿಗ್ರಿ ಬಿಸಿಯಾದರೆ, ನಿಮ್ಮ ಶೀಟಿನ ಕರ್ಣದ ಉದ್ದಕ್ಕೆ ಬಾಗಿಲಿಗಿಂತ 1.6 ಮಿ.ಮೀ. ಜಾಸ್ತಿ ಹಿಗ್ಗುತ್ತದೆ. ನಡುವಿನಿಂದ ಎರಡೂ ಕಡೆಗೆ ಹಂಚಿದರೆ ಒಂದೊಂದು ಮೂಲೆಗೆ 0.8 ಮಿ.ಮೀ. ಶೀಟಿನ ನಡುವಿನಿಂದ ಅತಿ ದೂರ ಇರುವುದು ಮೂಲೆಯೇ ಅಲ್ವಾ? ಅದಕ್ಕೇ ಅದು ಎಲ್ಲಕ್ಕಿಂತ ಹೆಚ್ಚು ಜರುಗುತ್ತದೆ. ಬಿಸಿಲಿಗೆ ನಿಂತ ಕಪ್ಪು ಪೆಟ್ಟಿಗೆಗೆ 40 ಡಿಗ್ರಿ ಏರಿಳಿತ ದೊಡ್ಡದೇನಲ್ಲ. ದಿನಕ್ಕೊಂದು ಸಲ ಹಿಗ್ಗಿ ಕುಗ್ಗುತ್ತದೆ.

ಈ ಜರುಗಾಟವನ್ನು ಟೇಪ್ ತನ್ನ ದಪ್ಪದೊಳಗೆ ನುಂಗಿಕೊಳ್ಳಬೇಕು. ಒಳ್ಳೆಯ ಅಕ್ರಿಲಿಕ್ ಫೋಮ್ ಟೇಪ್ ತನ್ನ ದಪ್ಪದ ಮೂರು ಪಟ್ಟಿನವರೆಗೆ ಅಡ್ಡಡ್ಡ ಜರುಗಿದರೂ ತಡೆದುಕೊಳ್ಳುತ್ತದೆ. 1.1 ಮಿ.ಮೀ. ದಪ್ಪದ ಟೇಪ್‌ಗೆ 0.8 ಮಿ.ಮೀ. ಯಾವ ಲೆಕ್ಕವೂ ಅಲ್ಲ. ನೀವು ಬಳಸುತ್ತಿರುವುದು ಕಾಗದದಂಥ ತೆಳ್ಳಗಿನ ಟಿಶ್ಯೂ ಟೇಪ್ ಆಗಿದ್ದರೆ ಅದರ ದಪ್ಪ 0.1ರಿಂದ 0.2 ಮಿ.ಮೀ. ಅಷ್ಟೇ. 0.15 ಎಂದು ಹಿಡಿದರೂ ದಪ್ಪದ ಐದು ಪಟ್ಟಿಗಿಂತ ಹೆಚ್ಚು ಜರುಗಬೇಕು. ಅದರಲ್ಲಿ ಎಷ್ಟೇ ಜಿಗುಟಾದ ಅಂಟಿದ್ದರೂ ನಿಲ್ಲದು.

ಎರಡನೆಯ ಅನುಮಾನ, ಬಾಗಿಲು ಸಮವಾಗಿಲ್ಲ. ಕತ್ತರಿಸಿ, ಬಗ್ಗಿಸಿ, ವೆಲ್ಡ್ ಮಾಡಿದ ಬಾಗಿಲು ಎಲ್ಲಿಯಾದರೂ ಸ್ವಲ್ಪ ಸೊಟ್ಟಗಿದ್ದೇ ಇರುತ್ತದೆ. ಒಂದು ನೇರವಾದ ಪಟ್ಟಿ ಇಟ್ಟು ಬೆಳಕಿಗೆ ಹಿಡಿದರೆ ಸಂದು ಕಾಣುತ್ತದೆ. 4 ಮಿ.ಮೀ. ಶೀಟ್ ಬಿರುಸು. ಅದನ್ನು ಒತ್ತಿ ಸೊಟ್ಟ ಬಾಗಿಲಿಗೆ ಅಂಟಿಸಿದರೆ ಅದು ಹಗಲೂ ರಾತ್ರಿ ತನ್ನ ನೇರಕ್ಕೆ ಮರಳಲು ನೋಡುತ್ತದೆ. ಮೂಲೆಯ ಟೇಪನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಟೇಪ್ ಜೋರಾದ ಪೆಟ್ಟನ್ನು ತಡೆಯುತ್ತದೆ, ಇಂಥ ಬಿಡದ ಎಳೆತಕ್ಕೆ ಸೋಲುತ್ತದೆ. ಡಾಂಬರು ನೆನಪಿಸಿಕೊಳ್ಳಿ. ಸುತ್ತಿಗೆಯಿಂದ ಹೊಡೆದರೆ ಕಲ್ಲಿನ ಹಾಗೆ ಚೂರಾಗುತ್ತದೆ, ಮೇಲೆ ಭಾರ ಇಟ್ಟು ಬಿಟ್ಟರೆ ಮೆಲ್ಲಗೆ ಹರಿಯುತ್ತದೆ. ಟೇಪಿನ ಅಂಟಿನ ಗುಣವೂ ಹೀಗೆ. ಬಾಗಿಲು ದಡಾರನೆ ಬಡಿದರೆ ಏನೂ ಆಗದ ಟೇಪ್, ಮೂಲೆಯ ಅರ್ಧ ಮಿ.ಮೀ. ಸೊಟ್ಟಕ್ಕೆ ಮೂರು ತಿಂಗಳಲ್ಲಿ ಸೋಲುವುದು ಇದೇ ಕಾರಣಕ್ಕೆ. ಎರಡು ಬಿರುಸು ವಸ್ತುಗಳ ನಡುವೆ ಎಷ್ಟು ಸಂದು ಇದೆಯೋ ಅದರ ಎರಡು ಪಟ್ಟಾದರೂ ದಪ್ಪದ ಟೇಪ್ ಬೇಕು ಅನ್ನುವುದು ವಾಡಿಕೆಯ ಲೆಕ್ಕ. ಸೊಟ್ಟ ಅದಕ್ಕೂ ಜಾಸ್ತಿ ಇದ್ದರೆ ಬಾಗಿಲನ್ನೇ ಸರಿ ಮಾಡಿ. ಶೀಟಿನ ಚೂಪು ಮೂಲೆಗಳನ್ನು ಸ್ವಲ್ಪ ದುಂಡಗೆ ಮಾಡಿದರೂ ಒಳ್ಳೆಯದು.

ಬಲದ ದಿಕ್ಕಿನ ಬಗ್ಗೆ ಒಂದು ಮಾತು. ಅಂಟಿಸಿದ ಎರಡು ವಸ್ತುಗಳನ್ನು ಒಂದರ ಮೇಲೊಂದು ಜಾರಿಸಲು ನೋಡಿದರೆ ಟೇಪಿನ ಪೂರ್ತಿ ಅಗಲ ಸೇರಿ ತಡೆಯುತ್ತದೆ. ನೇರ ಎಳೆದರೂ ಹೆಚ್ಚುಕಡಿಮೆ ಹಾಗೇ. ಅಂಚಿನಿಂದ ಸುಲಿದರೆ ಮಾತ್ರ ಕೂದಲೆಳೆಯಷ್ಟು ಅಗಲದ ಒಂದು ಗೆರೆಯ ಮೇಲೆ ಎಲ್ಲ ಬಲ ಬೀಳುತ್ತದೆ. ವಿನ್ಯಾಸ ಮಾಡುವಾಗ ಸುಲಿಯುವ ಬಲ ಬೀಳದ ಹಾಗೆ ನೋಡಿಕೊಂಡರೆ ಸಾಧಾರಣ ಟೇಪ್ ಕೂಡ ವರ್ಷಗಟ್ಟಲೆ ನಿಲ್ಲುತ್ತದೆ.

ಇನ್ನು ಮೇಲ್ಮೈ. ನಿಮ್ಮ ಕ್ಲಿಪ್‌ಗಳ ಗುಟ್ಟು ಇಲ್ಲಿದೆ. ಅಂಟು ಹಿಡಿಯಬೇಕಾದರೆ ಅದು ಮೊದಲು ಮೇಲ್ಮೈ ಮೇಲೆ ಹರಡಬೇಕು. ಕೆಲವು ವಸ್ತುಗಳು ಹರಡಗೊಡುವುದಿಲ್ಲ, ತಾವರೆ ಎಲೆ ಮೇಲಿನ ನೀರಿನ ಹಾಗೆ ದೂರ ಇಡುತ್ತವೆ. ಇದನ್ನು ಮೇಲ್ಮೈ ಶಕ್ತಿ ಅನ್ನುತ್ತಾರೆ, ಡೈನ್ ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಬರೀ ಲೋಹಕ್ಕೆ ಇದು ನೂರಾರು ಇರುತ್ತದೆ. ಪಾಲಿಕಾರ್ಬೊನೇಟ್‌ಗೆ 42ರ ಮೇಲೆ, ಪರವಾಗಿಲ್ಲ. ಪಾಲಿಪ್ರೊಪಿಲೀನ್‌ಗೆ ಸುಮಾರು 30, ಟೆಫ್ಲಾನ್‌ಗೆ 20ರ ಆಸುಪಾಸು. 30ಕ್ಕೆ ಸಾಮಾನ್ಯ ಅಕ್ರಿಲಿಕ್ ಅಂಟು ಹಿಡಿಯುವುದಿಲ್ಲ. ಅದಕ್ಕೆಂದೇ ಬೇರೆ ಅಂಟಿನ ಟೇಪ್‌ಗಳಿವೆ. ಅಂಟಿಸುವ ಮುಂಚೆ ಹಚ್ಚುವ ಪ್ರೈಮರ್‌ಗಳೂ ಇವೆ (ಬಣ್ಣದ ಪ್ರೈಮರ್ ಅಲ್ಲ, ಟೇಪಿನದ್ದೇ ಬೇರೆ). ಆದರೆ ನನ್ನನ್ನು ಕೇಳಿದರೆ, ಟೇಪ್ ಬದಲು ಕ್ಲಿಪ್ ಬದಲಾಯಿಸಿ. ನೈಲಾನ್ ಅಥವಾ ಎಬಿಎಸ್ ಪ್ಲಾಸ್ಟಿಕ್ ಕ್ಲಿಪ್ ತನ್ನಿ, ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ವೈರ್ ಕಟ್ಟು ದಪ್ಪಗಿದ್ದರೆ ಅದು ಕ್ಲಿಪ್ಪನ್ನು ಸುಲಿಯುವ ದಿಕ್ಕಿನಲ್ಲೇ ಎಳೆಯುತ್ತದೆ, ಪೆಟ್ಟಿಗೆಯ ಒಳಗೆ ಬಿಸಿ ಬೇರೆ. ಅಲ್ಲಿ ಸ್ಕ್ರೂ ಹಾಕಿಬಿಡಿ. ಎಲ್ಲ ಕಡೆ ಟೇಪೇ ಆಗಬೇಕೆಂಬ ಹಟ ಬೇಡ.

ಪೌಡರ್ ಕೋಟಿಂಗ್ ಮಾತ್ರ ಸ್ವಲ್ಪ ಮೋಸಗಾರ. ಗೀರು ಬೀಳದಿರಲಿ, ನಯವಾಗಿರಲಿ ಎಂದು ಪುಡಿಗೆ ಮೇಣದಂಥ ವಸ್ತುಗಳನ್ನು ಸೇರಿಸುತ್ತಾರೆ. ಬೇಯುವಾಗ ಅವು ಮೇಲಕ್ಕೆ ಬಂದು ನಿಲ್ಲುತ್ತವೆ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಕಪ್ಪು ಬಣ್ಣಗಳಲ್ಲಿ ಒಂದು ಟೇಪ್ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ತರಿತರಿಯಾದ ಬಣ್ಣವಾದರೆ ಅಂಟು ಉಬ್ಬುಗಳ ತುದಿಯನ್ನಷ್ಟೇ ಮುಟ್ಟುತ್ತದೆ. ಡೈನ್ ಪೆನ್ ಎಂದು ಒಂದು ಬರುತ್ತದೆ. ಅದರಿಂದ ಗೆರೆ ಎಳೆದಾಗ ಹನಿ ಹನಿಯಾಗಿ ಒಡೆದರೆ ಮೇಲ್ಮೈ ಶಕ್ತಿ ಪೆನ್ನಿನ ಮೇಲೆ ಬರೆದ ಡೈನ್ ಅಂಕಿಗಿಂತ ಕಡಿಮೆ. ಅದೂ ಇಲ್ಲದಿದ್ದರೆ ಸ್ವಚ್ಛ ಮಾಡಿದ ಬಾಗಿಲಿಗೆ ನೀರಿನ ಹನಿ ಹಾಕಿ ನೋಡಿ. ಹರಡಿದರೆ ಒಳ್ಳೆಯ ಲಕ್ಷಣ, ಗುಂಡಗೆ ಕೂತರೆ ಎಚ್ಚರ. ಕೋಟಿಂಗ್ ಮಾಡುವವರು ಪುಡಿ ಬದಲಾಯಿಸಿದರೆ ನಿಮಗೆ ತಿಳಿಸುವಂತೆ ಹೇಳಿಡಿ. ಎಷ್ಟೋ ‘ಟೇಪ್ ಕೆಟ್ಟಿದೆ’ ಪ್ರಕರಣಗಳಲ್ಲಿ ಕೆಟ್ಟದ್ದು ಟೇಪ್ ಅಲ್ಲ, ಬದಲಾದದ್ದು ಪುಡಿ.

ಅಂಟಿಸುವ ರೀತಿಗೆ ಬರೋಣ. ಇಲ್ಲಿ ಜನ ಅವಸರ ಮಾಡುತ್ತಾರೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ನೀರು ಸಮ ಪಾಲು ಬೆರೆಸಿ ಒರೆಸಿ. ಅದು ತಾನಾಗಿ ಒಣಗಲಿ ಎಂದು ಬಿಡಬೇಡಿ. ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಒದ್ದೆ ಇರುವಾಗಲೇ ಇನ್ನೊಂದು ಸ್ವಚ್ಛ ಬಟ್ಟೆಯಿಂದ ಒರೆಸಿ ತೆಗೆಯಿರಿ. ಯಂತ್ರ ಒರೆಸಿದ ಬನಿಯನ್ ವೇಸ್ಟ್ ಖಂಡಿತ ಬೇಡ. ಥಿನ್ನರ್, ಅಸಿಟೋನ್ ಪಾಲಿಕಾರ್ಬೊನೇಟ್ ಹತ್ತಿರವೂ ಬರಬಾರದು, ಶೀಟ್ ಮಂಕಾಗಿ ಬಿರುಕು ಬಿಡುತ್ತದೆ. ಒರೆಸಿದ ಜಾಗವನ್ನು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸ ಎಲ್ಲರಿಗೂ ಇದೆ, ನನಗೂ ಇತ್ತು. ಬಿಡಬೇಕು.

ಒಮ್ಮೆ ಒಂದು ಕಾರ್ಖಾನೆಯಲ್ಲಿ ಹದಿನೈದು ದಿನ ತಲೆ ಕೆಡಿಸಿಕೊಂಡಿದ್ದೆ. ಅದೇ ಟೇಪ್, ಅದೇ ಬಣ್ಣ, ಅದೇ ಕೈಗಳು. ಮಧ್ಯಾಹ್ನ ಅಂಟಿಸಿದ್ದು ನಿಲ್ಲುತ್ತಿತ್ತು, ಬೆಳಿಗ್ಗೆ ಅಂಟಿಸಿದ್ದು ಬಿಡುತ್ತಿತ್ತು. ಬೆಳಗಿನ ಚಳಿಯ ಮೇಲೆ ಅನುಮಾನ ಪಟ್ಟೆ. ಕೊನೆಗೆ ನೋಡಿದರೆ, ಪಕ್ಕದ ಮೇಜಿನವರು ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಕೀಲುಗಳಿಗೆ ಸಿಲಿಕೋನ್ ಸ್ಪ್ರೇ ಹೊಡೆಯುತ್ತಿದ್ದರು. ಅದರ ಹನಿಮಂಜು ನಮ್ಮ ಬಾಗಿಲುಗಳ ಮೇಲೆ ಬಂದು ಕೂರುತ್ತಿತ್ತು. ಸ್ಪ್ರೇ ಡಬ್ಬಿಯನ್ನು ಆ ಕೋಣೆಯಿಂದ ಹೊರಗೆ ಹಾಕಿಸಿದ ಮೇಲೆ ತೊಂದರೆ ನಿಂತಿತು. ನಿಮ್ಮ ಅಂಟಿಸುವ ಜಾಗದ ಸುತ್ತ ಸಿಲಿಕೋನ್ ಏನಾದರೂ ಇದೆಯೇ ನೋಡಿ. ಬಣ್ಣ ಹೊಡೆಯುವ ಕೋಣೆಗೂ ಅದು ಶತ್ರುವೇ.

ಚಳಿಯ ಅನುಮಾನವೂ ಆಧಾರವಿಲ್ಲದ್ದಲ್ಲ. ಅಕ್ರಿಲಿಕ್ ಅಂಟು 10 ಡಿಗ್ರಿಗಿಂತ ಕೆಳಗೆ ಬಿಗಿದುಕೊಂಡು ಹರಡುವುದೇ ಇಲ್ಲ. 21ರಿಂದ 38 ಡಿಗ್ರಿ ನಡುವೆ ಅಂಟಿಸಿದರೆ ಉತ್ತಮ. ಒಮ್ಮೆ ಕೂತ ಮೇಲೆ ಚಳಿಗೆ ಹೆದರಬೇಕಿಲ್ಲ.

ಒತ್ತಡ ಎಷ್ಟು? ಪ್ರತಿ ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ನಿಮ್ಮ 240 ಚದರ ಸೆಂ.ಮೀ.ಗೆ ಒಟ್ಟಿಗೆ 240 ಕೆ.ಜಿ. ಆಯಿತು! ಅಂಗೈಯಿಂದ ಶೀಟಿನ ನಡುವೆ ಒತ್ತಿದರೆ ಅಂಚಿಗೆ ಏನೂ ತಲುಪುವುದಿಲ್ಲ. ಸಣ್ಣ ರಬ್ಬರ್ ರೋಲರ್ ತಗೊಂಡು ಅಂಚಿನುದ್ದಕ್ಕೂ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಿ. ಮೊದಲು ಶೀಟಿಗೆ ಟೇಪ್ ಹಚ್ಚಿ ರೋಲ್ ಮಾಡಿ. ಆಮೇಲೆ ಲೈನರ್ (ಅಂಟಿನ ಮೇಲಿನ ಹೊದಿಕೆ ಹಾಳೆ) ಕಿತ್ತು ಬಾಗಿಲಿಗಿಟ್ಟು ಮತ್ತೆ ರೋಲ್ ಮಾಡಿ. ಟೇಪ್ ಹಚ್ಚುವಾಗ ಎಳೆಯಬೇಡಿ. ಎಳೆದ ಟೇಪ್ ಮತ್ತೆ ಕುಗ್ಗಿ ಮೂಲೆಯಲ್ಲಿ ಜಾಗ ಬಿಡುತ್ತದೆ.

ಆಮೇಲೆ ಕಾಯಬೇಕು. ಕೋಣೆಯ ಉಷ್ಣತೆಯಲ್ಲಿ ಅಕ್ರಿಲಿಕ್ ಫೋಮ್ ಟೇಪ್ 20 ನಿಮಿಷಕ್ಕೆ ತನ್ನ ಹಿಡಿತದ ಅರ್ಧ, 24 ಗಂಟೆಗೆ ಶೇ. 90, ಪೂರ್ತಿ ಹಿಡಿತಕ್ಕೆ 72 ಗಂಟೆ ತೆಗೆದುಕೊಳ್ಳುತ್ತದೆ. ಸಂಜೆ ಅಂಟಿಸಿ ರಾತ್ರಿಯೇ ಲಾರಿಗೆ ಹಾಕಿದರೆ ಟೇಪಿಗೆ ಬೈಯುವಂತಿಲ್ಲ. ಕನಿಷ್ಠ ಒಂದು ದಿನ ಬಾಗಿಲನ್ನು ಮಲಗಿಸಿಡಿ.

ಇನ್ನು ಅಂಟಿನ ಜಾತಿ. ರಬ್ಬರ್ ಅಂಟು ಮುಟ್ಟಿದೊಡನೆ ಹಿಡಿಯುತ್ತದೆ, ಪಾಲಿಪ್ರೊಪಿಲೀನಿಗೂ ಒಂದು ಮಟ್ಟಿಗೆ ಅಂಟುತ್ತದೆ, ಆದರೆ ಬಿಸಿಲು ಬಿಸಿ ಎರಡೂ ಆಗದು. ರಟ್ಟಿನ ಪೆಟ್ಟಿಗೆ ಮುಚ್ಚುವುದಕ್ಕೆ, ತಾತ್ಕಾಲಿಕ ಕೆಲಸಕ್ಕೆ ಸರಿ. ಅಕ್ರಿಲಿಕ್ ನಿಧಾನವಾಗಿ ಹಿಡಿಯುತ್ತದೆ, ಬಿಸಿಲಲ್ಲಿ ವರ್ಷಗಟ್ಟಲೆ ಬಾಳುತ್ತದೆ. ಸಿಲಿಕೋನ್ ಅಂಟು 200 ಡಿಗ್ರಿ ದಾಟಿದರೂ ತಡೆಯುತ್ತದೆ, ಬೆಲೆಯೂ ಹಾಗೇ. ನೋಡಿದ ತಕ್ಷಣ ಜಿಗುಟು ಅನ್ನಿಸುವುದೇ ಒಳ್ಳೆಯ ಟೇಪ್ ಎಂದು ಜನ ನಂಬುತ್ತಾರೆ. ಬೆರಳಿಗೆ ಅಂಟುವುದು ಬೇರೆ, ಭಾರ ಹೊರುವುದು ಬೇರೆ. ನಿಮ್ಮ ಕಿಟಕಿಗೆ ಬೇಕಾದದ್ದು ಅಕ್ರಿಲಿಕ್ ಫೋಮ್, 1.1 ಮಿ.ಮೀ. ದಪ್ಪ, 12 ಅಥವಾ 15 ಮಿ.ಮೀ. ಅಗಲ, ಮೆತ್ತಗಿನ ಬಗೆಯದು, ‘ಪೌಡರ್ ಕೋಟಿಂಗ್‌ಗೆ ಆಗುತ್ತದೆ’ ಎಂದು ತಯಾರಕರು ಬರೆದು ಕೊಟ್ಟದ್ದು. ಬಿಳಿಯ ಅಗ್ಗದ ಪಾಲಿಎಥಿಲೀನ್ ಫೋಮ್ ಟೇಪ್ ನೋಡಲು ದಪ್ಪಗಿದ್ದರೂ ಆ ಫೋಮ್ ನಡುವೆ ಹರಿಯುತ್ತದೆ. ಎರಡೂ ಒಂದೇ ಎಂದುಕೊಳ್ಳಬೇಡಿ.

ಡೇಟಾ ಶೀಟಿನ ಅಂಕಿಗಳಲ್ಲಿ ದೊಡ್ಡದಾಗಿ ಕಾಣುವುದು ಸುಲಿಯುವ ಬಲ. ಅದನ್ನು ಸಾಮಾನ್ಯವಾಗಿ ನಯವಾದ ಸ್ಟೇನ್‌ಲೆಸ್ ಉಕ್ಕಿನ ಮೇಲೆ, ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ಸುಲಿದು ಅಳೆದಿರುತ್ತಾರೆ. ನಿಮ್ಮ ಬಾಗಿಲು ಸ್ಟೇನ್‌ಲೆಸ್ ಅಲ್ಲ, ನಿಮ್ಮ ಕಿಟಕಿಯನ್ನು ಯಾರೂ ಆ ವೇಗದಲ್ಲಿ ಸುಲಿಯುವುದಿಲ್ಲ. ಹಾಗಾಗಿ ಆ ಒಂದು ಅಂಕಿ ನೋಡಿ ಎರಡು ಟೇಪ್ ಹೋಲಿಸಬೇಡಿ. ಭಾರ ತೂಗುಹಾಕಿ ಎಷ್ಟು ಗಂಟೆ ನಿಂತಿತು, ಎಷ್ಟು ಡಿಗ್ರಿಯಲ್ಲಿ ನಿಂತಿತು ಅನ್ನುವ ಸಾಲು ನಿಮಗೆ ಹೆಚ್ಚು ಉಪಯೋಗ. ಉಷ್ಣತೆ ಎರಡು ಬರೆದಿರುತ್ತಾರೆ. ಸ್ವಲ್ಪ ಹೊತ್ತಿಗೆ ಒಂದು, ಸದಾ ಕಾಲಕ್ಕೆ ಇನ್ನೊಂದು. ಮಾರುವವರ ಬಾಯಲ್ಲಿ ಬರುವುದು ಯಾವಾಗಲೂ ಮೊದಲನೆಯದು.

ಮಾಸ್ಕಿಂಗ್ ಟೇಪಿನದು ಇದರ ತಿರುಗುಮುರುಗು. ಅದು ಹುಟ್ಟಿದ್ದೇ ಬಣ್ಣದ ಅಂಗಳದಲ್ಲಿ. ಕಾರಿಗೆ ಎರಡು ಬಣ್ಣ ಹೊಡೆಯುವವರು ಕಾಗದ, ಅಂಟು ಬಳಸಿ, ಕೀಳುವಾಗ ಬಣ್ಣವನ್ನೂ ಕಿತ್ತು ಒದ್ದಾಡುತ್ತಿದ್ದುದನ್ನು ನೋಡಿ 3ಎಂ ಕಂಪನಿಯ ರಿಚರ್ಡ್ ಡ್ರೂ 1925ರಲ್ಲಿ ಅದನ್ನು ಮಾಡಿದ. ಸುಲಭವಾಗಿ ಬಿಡುವುದೇ ಅದರ ಗುಣ. ನಿಮ್ಮದು ಬಿಡುತ್ತಿಲ್ಲ, ಯಾಕೆಂದರೆ ಸಾಮಾನ್ಯ ಕ್ರೇಪ್ ಕಾಗದದ ಟೇಪಿನ ರಬ್ಬರ್ ಅಂಟನ್ನು ನೀವು ಬೇಯಿಸುತ್ತಿದ್ದೀರಿ. ಪೌಡರ್ ಓವನ್ 180ರಿಂದ 200 ಡಿಗ್ರಿ ಇರುತ್ತದೆ. ಅಷ್ಟು ಬಿಸಿಗೆ ಪಾಲಿಯೆಸ್ಟರ್ ಹಾಳೆಗೆ ಸಿಲಿಕೋನ್ ಅಂಟು ಹಚ್ಚಿದ ಹಸಿರು ಟೇಪ್ ಬೇಕು. ಅದಕ್ಕೂ ಮೇಲೆ ಹೋಗುವುದಿದ್ದರೆ ಜೇನು ಬಣ್ಣದ ಪಾಲಿಇಮೈಡ್ ಟೇಪ್, ನಿಮಗೆ ಅಷ್ಟು ಬೇಕಾಗದು. ಕೈಗೆ ತಾಳುವಷ್ಟು ಬಿಸಿ ಇರುವಾಗಲೇ ಕೀಳಿ, ಸಲೀಸಾಗಿ ಬರುತ್ತದೆ. ಅರ್ಥಿಂಗ್ ಬೋಲ್ಟ್ ಕೂರುವ ಜಾಗಕ್ಕೆ ಇದೇ ಸರಿ. ಹಸಿರು ಟೇಪ್ ಕಿತ್ತ ಜಾಗದಲ್ಲಿ ಏನನ್ನಾದರೂ ಅಂಟಿಸುವುದಿದ್ದರೆ ಮಾತ್ರ ಚೆನ್ನಾಗಿ ಒರೆಸಿಕೊಳ್ಳಿ. ಅದರ ಅಂಟೂ ಸಿಲಿಕೋನೇ ಅಲ್ವಾ!

ದೊಡ್ಡ ಪ್ರಮಾಣದಲ್ಲಿ ಕೊಳ್ಳುವ ಮುಂಚೆ ನಿಮ್ಮದೇ ಬಾಗಿಲಿನ ತುಂಡು, ನಿಮ್ಮದೇ ಶೀಟಿನ ತುಂಡು ಬಳಸಿ ಹತ್ತು ಮಾದರಿ ಮಾಡಿ. 72 ಗಂಟೆ ಬಿಟ್ಟು, ಕೆಲವಕ್ಕೆ ನಿಜವಾದ ಭಾರದ ಎರಡು ಮೂರು ಪಟ್ಟು ತೂಗುಹಾಕಿ 70 ಡಿಗ್ರಿ ಬಿಸಿಯಲ್ಲಿಡಿ. ಕೆಲವನ್ನು ನೀರಲ್ಲಿ ಮುಳುಗಿಸಿ. ಕೆಲವನ್ನು ಫ್ರೀಜರಿಗೂ ಬಿಸಿಗೂ ದಿನ ಬಿಟ್ಟು ದಿನ ಓಡಾಡಿಸಿ. ಎರಡು ವಾರ ಹೋಗುತ್ತದೆ, ಹೋಗಲಿ. ಗೆದ್ದ ಟೇಪಿನ ರೋಲ್ ಮೇಲೆ ತಯಾರಾದ ತಾರೀಕು ಇದೆಯೇ ನೋಡಿ. ಬಹಳಷ್ಟು ಟೇಪ್‌ಗಳ ಆಯುಷ್ಯ ಒಂದರಿಂದ ಎರಡು ವರ್ಷ, ಅದೂ ತಂಪಾದ ಜಾಗದಲ್ಲಿಟ್ಟರೆ.

ಈಗಾಗಲೇ ಹೊರಗೆ ಹೋಗಿರುವ ಪೆಟ್ಟಿಗೆಗಳ ಮಾತು ಉಳಿಯಿತು. ಎದ್ದ ಮೂಲೆಯನ್ನು ಒತ್ತಿ ಕೂರಿಸಬೇಡಿ, ಧೂಳು ಕೂತ ಅಂಟು ಮತ್ತೆ ಹಿಡಿಯದು. ಇನ್‌ಸ್ಟಂಟ್ ಗ್ಲೂ ಹಾಕಬೇಡಿ, ಅದರಿಂದ ಪಾಲಿಕಾರ್ಬೊನೇಟ್ ಸೀಳುವ ಸಂಭವ ಇದೆ. ಮೀನಿನ ಗಾಳಕ್ಕೆ ಕಟ್ಟುವ ನೈಲಾನ್ ದಾರ ತಗೊಂಡು, ಶೀಟಿಗೂ ಬಾಗಿಲಿಗೂ ನಡುವೆ ತೂರಿಸಿ ಗರಗಸದ ಹಾಗೆ ಆಚೀಚೆ ಎಳೆಯುತ್ತಾ ಟೇಪನ್ನು ಪೂರ್ತಿ ಕತ್ತರಿಸಿ. ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿದರೆ ಉಂಡೆಯಾಗಿ ಎದ್ದು ಬರುತ್ತದೆ. ಆಮೇಲೆ ಆಲ್ಕೊಹಾಲ್ ನೀರಿನಲ್ಲಿ ಒರೆಸಿ, ಹೊಸ ಟೇಪ್ ಹಚ್ಚಿ. ಕತ್ತರಿಸಿ ತೆಗೆದ ಹಳೆಯ ಟೇಪಿನ ನಾಲ್ಕು ಮೂಲೆಗಳನ್ನು ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಪೆಟ್ಟಿಗೆಯ ನಂಬರ್ ಬರೆದು ಇಟ್ಟುಕೊಳ್ಳಿ.